ಟಿಕೆಟ್ ಹಣಕ್ಕೆ ದೇಹ ಒತ್ತೆಯಾಗದಿರಲಿ

ನಿಮ್ಮ ಕುಟುಂಬದಲ್ಲಿ ಯಾರಾದರೂ ಓಡಲು ಶುರು ಮಾಡಿದ್ದಾರೆಯೇ? ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆ ಕೇಳಿದ್ದರೆ ನೀವು ನಕ್ಕುಬಿಡುತ್ತಿದ್ದಿರಿ. ಈಗ ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ನೇರವಾಗಿ ಮೈದಾನಕ್ಕೆ ಹೋಗುವ ಯುವಕರಿದ್ದಾರೆ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರ ಮಾತಿಗೆ ನಡೆಯಲು ಹೊರಟು, ಮೆಲ್ಲಗೆ ಓಟಕ್ಕೆ ಹೊರಳಿದ ಐವತ್ತರ ಗಂಡಸರಿದ್ದಾರೆ. ಮಕ್ಕಳನ್ನು ಶಾಲೆಗೆ ಕಳುಹಿಸಿ ಶೂ ಕಟ್ಟಿಕೊಳ್ಳುವ ತಾಯಂದಿರೂ ಇದ್ದಾರೆ. ಇದೆಲ್ಲ ಸಂತೋಷದ ವಿಷಯವೇ. ಮದುವೆ ಮನೆಯ ಬಿರಿಯಾನಿಗೆ ನಾವು ಕೊಟ್ಟ ಗಮನದಲ್ಲಿ ಕಾಲು ಭಾಗವನ್ನಾದರೂ ಕಾಲುಗಳಿಗೆ ಕೊಡುವುದು ಯಾವತ್ತೋ ಆಗಬೇಕಿತ್ತು.

ಓಟದ ಹವ್ಯಾಸ ಹತ್ತಿದವರ ಮುಂದಿನ ಆಸೆ ವಿದೇಶದ ಓಟ. ದುಬೈಯಲ್ಲಿರುವ ಮಗ ಫೋನ್ ಮಾಡಿ, "ಉಪ್ಪಾ, ಚಳಿಗಾಲದಲ್ಲಿ ಬನ್ನಿ, ಹವೆ ಚೆನ್ನಾಗಿರುತ್ತದೆ, ಮ್ಯಾರಥಾನ್ ದಿನದ ಹತ್ತು ಕಿಲೋಮೀಟರ್ ಓಟಕ್ಕೆ ನಿಮ್ಮ ಹೆಸರನ್ನೂ ಕೊಡುತ್ತೇನೆ" ಎನ್ನುತ್ತಾನೆ. ಇಸ್ತಾಂಬುಲ್ ನೋಡಬೇಕೆಂದು ವರ್ಷಗಳಿಂದ ಹಣ ಕೂಡಿಟ್ಟ ದಂಪತಿ, ಅಲ್ಲಿ ನವೆಂಬರ್‌ನಲ್ಲಿ ಓಟವಿದೆಯೆಂದು ತಿಳಿದು ಪ್ರವಾಸವನ್ನೇ ಆ ತಿಂಗಳಿಗೆ ಮುಂದೂಡುತ್ತಾರೆ. ಹೋಗಿ, ಓಡಿ. ಬೇಡವೆನ್ನಲು ಈ ಲೇಖನ ಬರೆಯುತ್ತಿಲ್ಲ. ಆದರೆ ಹೊರಡುವ ಮುನ್ನ ಒಂದು ಮಾತನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿಕೊಳ್ಳಿ: ಓಟದ ದಿನ ಬೆಳಗ್ಗೆ ದೇಹ ಒಪ್ಪದಿದ್ದರೆ ಓಡುವುದಿಲ್ಲ, ಅರ್ಧ ದಾರಿಯಲ್ಲಿ ಒಪ್ಪದಿದ್ದರೆ ಅಲ್ಲೇ ನಿಲ್ಲುತ್ತೇವೆ. ಇದನ್ನು ಊರಲ್ಲೇ ತೀರ್ಮಾನಿಸಬೇಕು. ಅಲ್ಲಿಗೆ ಹೋದ ಮೇಲೆ ತೀರ್ಮಾನಿಸುವುದು ಬಹಳ ಕಷ್ಟ.

ಏಕೆಂದರೆ ಅಲ್ಲಿ ಹಣ ಮಾತಾಡುತ್ತದೆ. ವೀಸಾ, ವಿಮಾನ, ಹೋಟೆಲ್, ಓಟದ ನೋಂದಣಿ ಎಲ್ಲ ಸೇರಿ ಮಧ್ಯಮ ವರ್ಗದ ಮನೆಯ ಎರಡು ಮೂರು ವರ್ಷಗಳ ಉಳಿತಾಯ ಆ ಒಂದು ಬೆಳಗಿನ ಮೇಲೆ ಕೂತಿರುತ್ತದೆ. ಹಿಂದಿನ ರಾತ್ರಿ ಜ್ವರ ಬಂದಿರಲಿ, ಹೊಟ್ಟೆ ಕೆಟ್ಟಿರಲಿ, "ಇಷ್ಟೆಲ್ಲ ಖರ್ಚು ಮಾಡಿ ಬಂದು ಓಡದೆ ಹೋಗುವುದೇ?" ಎಂಬ ಪ್ರಶ್ನೆ ಏಳುತ್ತದೆ. ಬಿಸಿಲಿಗಿಂತಲೂ, ಏರುದಾರಿಗಿಂತಲೂ ಹವ್ಯಾಸಿ ಓಟಗಾರರಿಗೆ ಹೆಚ್ಚು ಅಪಾಯ ತರುವುದು ಈ ಪ್ರಶ್ನೆಯೇ ಎಂಬುದು ನನ್ನ ಅಭಿಪ್ರಾಯ. ಹೋದ ಹಣ ಹೋಯಿತು. ಓಡಿದರೂ ಅದು ವಾಪಸ್ ಬರುವುದಿಲ್ಲ. ಜ್ವರದಲ್ಲಿ ಓಡಿ ಹೃದಯದ ಸ್ನಾಯುವಿಗೆ ಊತ ಬಂದರೆ ಅಥವಾ ಪರದೇಶದ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದರೆ ಅದರ ಎಷ್ಟೋ ಪಟ್ಟು ಹಣ ಹೋಗುತ್ತದೆ.

ಸಂಬಳಕ್ಕೆ ಓಡುವವರು ನಿಲ್ಲಲು ನಾಚುವುದಿಲ್ಲ ಎಂಬುದನ್ನು ಗಮನಿಸಿ. 2019ರ ಸೆಪ್ಟೆಂಬರ್‌ನಲ್ಲಿ ಕತಾರಿನ ದೋಹಾದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೆಯಿತು. ಹಗಲಿನ ಸೆಕೆಗೆ ಹೆದರಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿಯ ಹೊತ್ತಿಗೆ ಇಟ್ಟಿದ್ದರು. ಆದರೂ ಉಷ್ಣಾಂಶ 30 ಡಿಗ್ರಿ ದಾಟಿತ್ತು, ಗಾಳಿಯಲ್ಲಿ ತೇವ ತುಂಬಿತ್ತು. ಓಟ ಆರಂಭಿಸಿದ 68 ಮಂದಿಯಲ್ಲಿ 28 ಮಂದಿ ಮುಗಿಸಲಿಲ್ಲ. ಅವರೆಲ್ಲ ತಮ್ಮ ದೇಶದ ಬಾವುಟ ಹೊತ್ತು ಬಂದವರು, ವರ್ಷಗಟ್ಟಲೆ ತರಬೇತಿ ಪಡೆದವರು. ದೇಹ ಸಾಕು ಎಂದಾಗ ನಿಂತರು. ನಮಗೇಕೆ ಆ ಹಿಂಜರಿಕೆ?

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಇಥಿಯೋಪಿಯಾದಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್ ಪರವಾಗಿ ಓಡುವ ಸಿಫಾನ್ ಹಸನ್ 2023ರ ಏಪ್ರಿಲ್ 23ರಂದು ಲಂಡನ್‌ನಲ್ಲಿ ತಮ್ಮ ಮೊದಲ ಮ್ಯಾರಥಾನ್ ಓಡಿದರು. ರಮಝಾನ್ ಮುಗಿದು ಎರಡು ದಿನವಾಗಿತ್ತು ಅಷ್ಟೆ. ಓಟದ ನಡುವೆ ಸೊಂಟದ ನೋವು ಬಂದು ಅವರು ನಿಂತೇ ಬಿಟ್ಟರು. ಮುಂದಿನವರು ದೂರ ಹೋಗುತ್ತಿದ್ದರೂ ರಸ್ತೆಯಲ್ಲೇ ಕಾಲು ಚಾಚಿ ಸ್ನಾಯು ಸಡಿಲಿಸಿಕೊಂಡು, ನೋವು ತಗ್ಗಿದ ಮೇಲೆ ಹೊರಟರು. ಕೊನೆಗೆ ಗೆದ್ದವರೂ ಅವರೇ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಮ್ಯಾರಥಾನ್ ಚಿನ್ನ ಗೆದ್ದರು. ನಿಂತವರೆಲ್ಲ ಗೆಲ್ಲುತ್ತಾರೆ ಎಂದು ನಾನು ಹೇಳುತ್ತಿಲ್ಲ. ಜಗತ್ತಿನ ಕಣ್ಣು ತನ್ನ ಮೇಲಿರುವಾಗ ಆಕೆ ನಿಂತು ದೇಹದ ಮಾತು ಕೇಳಿದಳು. ನಮ್ಮನ್ನು ನೋಡುವವರು ಮೊಬೈಲ್ ಹಿಡಿದ ಮಕ್ಕಳು ಮಾತ್ರ.

ಯಾವ ದೂರವನ್ನು ಆರಿಸಿಕೊಳ್ಳಬೇಕು? ಪ್ರವಾಸದಲ್ಲಿರುವವರಿಗೆ ನನ್ನ ಸಲಹೆ: ಊರಲ್ಲಿ ನೀವು ಸುಲಭವಾಗಿ ಓಡುವ ದೂರಕ್ಕಿಂತ ಕಡಿಮೆಯದು. ಇಸ್ತಾಂಬುಲನ್ನೇ ತೆಗೆದುಕೊಳ್ಳಿ. 1979ರಲ್ಲಿ ಆರಂಭವಾದ ಈ ಮ್ಯಾರಥಾನ್ ಏಷ್ಯಾದ ದಂಡೆಯಲ್ಲಿ ಶುರುವಾಗಿ ಬಾಸ್ಫೊರಸ್ ಸೇತುವೆ ದಾಟಿ ಯುರೋಪಿಗೆ ಬರುತ್ತದೆ. ಒಂದೂವರೆ ಕಿಲೋಮೀಟರಿನಷ್ಟು ಉದ್ದದ ಆ ಸೇತುವೆಯ ಮೇಲೆ ಉಳಿದ ದಿನಗಳಲ್ಲಿ ಕಾಲ್ನಡಿಗೆಗೆ ಅವಕಾಶವಿಲ್ಲ. ಕೆಳಗೆ ಸಮುದ್ರ, ಹಿಂದೆ ಒಂದು ಖಂಡ, ಮುಂದೆ ಇನ್ನೊಂದು. ಈ ಓಟದ ಸೊಗಸೆಲ್ಲ ಮೊದಲ ಕೆಲವು ಕಿಲೋಮೀಟರುಗಳಲ್ಲೇ ಇದೆ! ಅದನ್ನು ಸವಿಯಲು 42.195 ಕಿಲೋಮೀಟರ್ ಓಡಬೇಕಾಗಿಲ್ಲ. 15 ಕಿಲೋಮೀಟರ್ ಓಟದವರೂ ಅದೇ ಸೇತುವೆ ದಾಟುತ್ತಾರೆ. ಸಾರ್ವಜನಿಕರಿಗಾಗಿ ಇಡುವ ಇನ್ನೂ ಚಿಕ್ಕ ಓಟದಲ್ಲಿ ನಡೆದುಕೊಂಡೇ ದಾಟುವ ಅಜ್ಜ ಅಜ್ಜಿಯರೂ ಇರುತ್ತಾರೆ. ಪೂರ್ತಿ ಮ್ಯಾರಥಾನ್ ಓಡಿ, ಮರುದಿನ ಮೆಟ್ಟಿಲು ಇಳಿಯಲಾಗದೆ ಹೋಟೆಲಿನ ಹಾಸಿಗೆಯಿಂದಲೇ ನೀಲಿ ಮಸೀದಿಯ ಮಿನಾರ ನೋಡುವವರಿಗಿಂತ ಇವರು ಜಾಣರು.

ಹಿಂದಿನ ದಿನದ ತಿರುಗಾಟವೂ ಲೆಕ್ಕಕ್ಕೆ ಬರುತ್ತದೆ. ಇಸ್ತಾಂಬುಲ್ ಏರುಪೇರಿನ ನಗರ. ಮಕ್ಕಳ ಕೈ ಹಿಡಿದು ಬಝಾರ್, ಅರಮನೆ, ಮಸೀದಿ ಎಂದು ಇಡೀ ದಿನ ಸುತ್ತಿದರೆ ಓಟ ಶುರುವಾಗುವ ಮೊದಲೇ ಕಾಲಿನ ಶಕ್ತಿ ಮುಗಿದಿರುತ್ತದೆ. ಉಮ್ರಾ ಮಾಡಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಈ ಒಂದರಲ್ಲೇ ಮೂರು ಕಿಲೋಮೀಟರಿಗೂ ಹೆಚ್ಚು ನಡಿಗೆಯಿದೆ, ಆ ಸಂಜೆ ಪಾದಗಳು ಏನು ಹೇಳುತ್ತವೆಂದು ಅವರು ಬಲ್ಲರು. ಆದ್ದರಿಂದ ಓಟ ಮೊದಲು, ಊರು ನೋಡುವುದು ಆಮೇಲೆ. ತಲುಪಿದ ಮೂರು ನಾಲ್ಕು ದಿನಗಳಲ್ಲಿ ಓಟ ಬರುವಂತೆ ಟಿಕೆಟ್ ಮಾಡಿಸಿದರೆ ತುರ್ಕಿಗೆ ಸಾಕು. ನಮಗೂ ಅವರಿಗೂ ಎರಡೂವರೆ ಗಂಟೆಯ ವ್ಯತ್ಯಾಸ ಮಾತ್ರ, ಅದೂ ಅವರು ನಮಗಿಂತ ಹಿಂದೆ. ಬೇಗ ಎಚ್ಚರವಾಗುವುದು ಓಟದ ಬೆಳಗಿಗೆ ಅನುಕೂಲವೇ. ಅಮೆರಿಕಕ್ಕೆ ಹೋಗುವವರಿಗೆ ಈ ಲೆಕ್ಕ ಸಾಲದು. ನಿದ್ದೆಯ ಗಡಿಯಾರ ಸರಿಹೋಗಲು ಅವರಿಗೆ ಒಂದು ವಾರವಾದರೂ ಬೇಕು.

ನವೆಂಬರ್‌ನಲ್ಲಿ ಅಲ್ಲಿ ಚಳಿಗಾಳಿ ಇರುತ್ತದೆ. ಓಟ ಶುರುವಾಗುವ ಜಾಗಕ್ಕೆ ಬಹಳ ಮೊದಲೇ ಹೋಗಿ ಕಾಯಬೇಕಾಗುತ್ತದೆ. ಮನೆಯಲ್ಲಿ ಬಿಸಾಡಲು ಇಟ್ಟ ಹಳೆಯ ಸ್ವೆಟರೊಂದನ್ನು ಒಯ್ಯಿರಿ. ಹೊರಡುವಾಗ ಬಿಚ್ಚಿ ಬಿಟ್ಟುಹೋಗಬಹುದು, ಹಲವರು ಹಾಗೇ ಮಾಡುತ್ತಾರೆ. ಗಲ್ಫ್‌ಗೆ ಹೋಗುವವರ ಸಮಸ್ಯೆ ಇದಕ್ಕೆ ವಿರುದ್ಧ. ಚಳಿಗಾಲದ ಮುಂಜಾನೆ ಅಲ್ಲಿಯೂ ಹಿತವಾಗಿರುತ್ತದೆ, ಆದರೆ ಸೂರ್ಯ ಮೇಲೇರಿದ ಹಾಗೆ ನೆರಳಿಲ್ಲದ ಅಗಲ ರಸ್ತೆಗಳು ಕಾಯುತ್ತವೆ. ಬಿಸಿಲಿಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಸೆಕೆ ಹೊಸದಲ್ಲ. ಬೆಂಗಳೂರು, ಮಡಿಕೇರಿಯ ತಂಪಿನಿಂದ ಹೋದವರು ನಿಧಾನ ಓಡಲಿ.

ಈಗ ನೀರಿನ ವಿಷಯ. ನೀರು ಕುಡಿಯಿರಿ, ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಅತಿಯಾಗಿ ಕುಡಿದರೂ ಅಪಾಯ ಎಂದು ಹೇಳುವವರು ಕಡಿಮೆ. 2002ರ ಬಾಸ್ಟನ್ ಮ್ಯಾರಥಾನಿನ ಕೊನೆಯಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಕೆಳಗೆ ಇಳಿದಿತ್ತು. ಮೂವರಲ್ಲಿ ಜೀವಕ್ಕೇ ಅಪಾಯವಾಗುವಷ್ಟು ಕುಸಿದಿತ್ತು. ಯಾರಲ್ಲಿ ಹೆಚ್ಚು? ನಾಲ್ಕು ಗಂಟೆಗೂ ಮೀರಿ ನಿಧಾನವಾಗಿ ಓಡಿದವರಲ್ಲಿ, ಓಟದ ಕೊನೆಗೆ ತೂಕ ಇಳಿಯುವ ಬದಲು ಏರಿದವರಲ್ಲಿ. ಅಂದರೆ ಪ್ರತಿಯೊಂದು ಮೇಜಿನ ಬಳಿಯೂ ನಿಂತು ನೀರು ಕುಡಿದ ನಮ್ಮಂಥ ಹವ್ಯಾಸಿಗಳಲ್ಲಿ. ಹಾಗಾದರೆ ಎಷ್ಟು ಕುಡಿಯಬೇಕು? ಬಾಯಾರಿದಾಗ, ಬಾಯಾರಿಕೆ ತೀರುವಷ್ಟು. ಒಂದು ಗಂಟೆಗೆ ಮೀರಿದ ಓಟವಾದರೆ ಉಪ್ಪು ಸಕ್ಕರೆ ಇರುವ ಪಾನೀಯವೂ ನಡುವೆ ಸೇರಲಿ. ಬಿಪಿ, ಸಕ್ಕರೆ ಇರುವವರು ಇದನ್ನು ತಮ್ಮ ಡಾಕ್ಟರನ್ನು ಕೇಳಿಯೇ ನಿರ್ಧರಿಸಲಿ. ಓಡುತ್ತಿರುವಾಗ ಉಂಗುರ ಬಿಗಿಯಾದರೆ, ತಲೆನೋವು, ವಾಂತಿ, ಮಾತಿನಲ್ಲಿ ಗೊಂದಲ ಕಂಡರೆ ಇನ್ನಷ್ಟು ನೀರು ಕುಡಿಸಬೇಡಿ, ವೈದ್ಯಕೀಯ ಡೇರೆಗೆ ಕರೆದೊಯ್ಯಿರಿ. ಮೈ ಸುಡುತ್ತಾ ಗೊಂದಲದಿಂದ ತೊದಲುವವರಿಗೆ ಬಿಸಿಲಾಘಾತವೂ ಆಗಿರಬಹುದು. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯದೆ ತಣ್ಣೀರು, ಐಸ್ ಹಾಕಿ ಮೈ ತಂಪು ಮಾಡುವುದೇ ಮೊದಲ ಚಿಕಿತ್ಸೆ. ಆಂಬುಲೆನ್ಸಿಗೆ ತುರ್ಕಿಯಲ್ಲಿ 112, ಯುಎಇಯಲ್ಲಿ 998 ಎಂಬುದನ್ನು ಫೋನಿನಲ್ಲಿ ಬರೆದಿಡಿ.

ನೋವಿನ ಮಾತ್ರೆ ನುಂಗಿ ಓಡುವ ಚಾಳಿ ನಮ್ಮಲ್ಲಿ ಬೆಳೆಯುತ್ತಿದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಬೆವರಿ ಬಳಲಿದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ನೋವಿದ್ದರೆ ಓಡಬೇಡಿ, ಅಷ್ಟೆ. ಮಾತ್ರೆಯ ಮಾತು ಬಂದಿದ್ದರಿಂದ ಇನ್ನೊಂದು: ಊರಿನ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಔಷಧಿಯೆಲ್ಲ ಗಲ್ಫ್ ದೇಶಗಳಲ್ಲಿ ಸಲೀಸಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಮೊದಲೇ ಅನುಮತಿ ಪಡೆಯದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ತೊಂದರೆ. ನಿತ್ಯದ ಔಷಧಿಗಳನ್ನು ಅವುಗಳ ಪೆಟ್ಟಿಗೆಯಲ್ಲೇ, ಡಾಕ್ಟರ ಚೀಟಿಯೊಂದಿಗೆ, ಕೈಚೀಲದಲ್ಲಿ ಒಯ್ಯಿರಿ.

ಮುಂದಿನ ಕೆಲವು ವರ್ಷ ನಮ್ಮ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ರಮಝಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2026ರಲ್ಲಿ ಫೆಬ್ರವರಿಯ ನಡುವೆ ಆರಂಭವಾಗುವ ಉಪವಾಸ 2028ರ ಹೊತ್ತಿಗೆ ಜನವರಿಯ ಕೊನೆಗೆ ಬರುತ್ತದೆ. ಗಲ್ಫ್‌ನ ಓಟಗಳ ಕಾಲವೂ ಅದೇ ಚಳಿಗಾಲ. ಹೆಸರು ನೋಂದಾಯಿಸುವ ಮುನ್ನ ಹಿಜ್ರಿ ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಪ್ರಯಾಣಿಕರಿಗೆ ಉಪವಾಸದಲ್ಲಿರುವ ವಿನಾಯಿತಿ ಓಟಕ್ಕೆ ಹೋದವರಿಗೆ ಅನ್ವಯಿಸುತ್ತದೆಯೇ ಎಂಬುದನ್ನು ವಿದ್ವಾಂಸರಲ್ಲಿ ಕೇಳಬೇಕು. ಆರೋಗ್ಯದ ಪುಟ ಅದಕ್ಕೆ ಉತ್ತರ ಕೊಡಲಾರದು. ಇಲ್ಲಿ ಹೇಳಬಹುದಾದದ್ದು ಇಷ್ಟು: ಉಪವಾಸದ ಹಗಲಿನಲ್ಲಿ ದೀರ್ಘ ಓಟ ಬೇಡ. ಇಫ್ತಾರ್ ಮುಗಿದು ಒಂದೆರಡು ಗಂಟೆ ಕಳೆದ ಮೇಲೆ ಹಗುರವಾಗಿ ಓಡಿ. ಈದ್ ಕಳೆದು ಮೂರು ನಾಲ್ಕು ವಾರವಾದರೂ ಬಿಟ್ಟು ಬರುವ ಓಟವನ್ನು ಆರಿಸಿಕೊಳ್ಳಿ. ಸಿಫಾನ್ ಹಸನ್ ಎರಡೇ ದಿನದಲ್ಲಿ ಓಡಿದರಲ್ಲ ಎನ್ನಬೇಡಿ. ಅವರ ಹಿಂದೆ ತರಬೇತುದಾರರಿದ್ದಾರೆ, ವೈದ್ಯರಿದ್ದಾರೆ; ನಮ್ಮ ಹಿಂದೆ ಆಫೀಸಿನ ರಜೆ ಮುಗಿಯುವ ದಿನವಿದೆ.

ಊಟದಲ್ಲಿ ಹೊಸತನ ಬೇಡ. ಓಟದ ಹಿಂದಿನ ರಾತ್ರಿ ಕಬಾಬಿನ ರುಚಿ ನೋಡುವ ಆಸೆಯನ್ನು ಮರುದಿನ ರಾತ್ರಿಗೆ ಇಟ್ಟುಕೊಳ್ಳಿ. ಅನ್ನ, ಬ್ರೆಡ್, ಬೇಳೆಯ ಸೂಪ್ ತುರ್ಕಿಯ ಯಾವ ಸಣ್ಣ ಹೋಟೆಲಿನಲ್ಲೂ ಸಿಗುತ್ತದೆ. ದಾರಿಯಲ್ಲಿ ಶಕ್ತಿಗೆ ಎರಡು ಖರ್ಜೂರ ಜೇಬಿನಲ್ಲಿದ್ದರೆ ಎಷ್ಟೋ ದುಬಾರಿ ಪೊಟ್ಟಣಗಳ ಕೆಲಸ ಮಾಡುತ್ತವೆ. ಬೀಜ ಮೊದಲೇ ತೆಗೆದಿರಲಿ, ಓಡುತ್ತಾ ಉಗಿಯುವುದು ಚೆಂದವಲ್ಲ! ಓಟಗಳಲ್ಲಿ ಹಂಚುವ ಅಗಿಯುವ ಮಿಠಾಯಿಗಳಲ್ಲಿ ಜೆಲಾಟಿನ್ ಇರಬಹುದು, ಚೀಟಿ ಓದಿ ತಿನ್ನಿ.

ಶುಚಿತ್ವದ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳದ ಮಾತನ್ನು ಈ ಪುಟದಲ್ಲಾದರೂ ಹೇಳಬೇಕು. ಸಾವಿರಾರು ಜನರು ಬಳಸುವ ತಾತ್ಕಾಲಿಕ ಶೌಚಾಲಯಗಳಲ್ಲಿ ನೀರು ಇರುವುದು ಅಪರೂಪ. ಯುರೋಪ್, ಅಮೆರಿಕಗಳಲ್ಲಂತೂ ಕಾಗದವೇ ಗತಿ, ಅದೂ ಬೇಗ ಮುಗಿಯುತ್ತದೆ. ಮುಜುಗರಕ್ಕೆ ಹೆದರಿ ಬೆಳಗ್ಗಿನಿಂದ ನೀರೇ ಕುಡಿಯದ, ಮೂತ್ರ ಕಟ್ಟಿಕೊಂಡೇ ಓಡುವ ಹೆಣ್ಣುಮಕ್ಕಳಿದ್ದಾರೆ. ಮೂತ್ರದ ಸೋಂಕಿಗೆ ಇದು ನೇರ ದಾರಿ. ಒತ್ತಿದರೆ ನೀರು ಚಿಮ್ಮುವ ಚಿಕ್ಕ ಬಾಟಲಿ, ಸ್ವಲ್ಪ ಟಿಶ್ಯೂ, ಕೈ ಒರೆಸುವ ಸ್ಯಾನಿಟೈಸರ್ ಸೊಂಟದ ಚೀಲದಲ್ಲಿ ಇಟ್ಟುಕೊಂಡರೆ ಈ ಕಷ್ಟವಿಲ್ಲ. ಹೋಟೆಲಿನಲ್ಲೇ ಸಮಯ ತೆಗೆದುಕೊಂಡು ಹೊರಡುವುದು ಇನ್ನೂ ಒಳ್ಳೆಯದು.

ಪಾದಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ, ಅದರಲ್ಲೇ ಒಂದು ತೊಂದರೆಯೂ ಇದೆ. ದಿನಕ್ಕೆ ಹಲವು ಬಾರಿ ವುಝೂ ಮಾಡುವಾಗ ಪಾದ ತೊಳೆಯುತ್ತೇವೆ. ಆದರೆ ಬೆರಳ ಸಂದು ಒರೆಸದೆ ಹಾಗೇ ಕಾಲುಚೀಲ ಏರಿಸಿಬಿಡುತ್ತೇವೆ. ತೇವ ಉಳಿದ ಸಂದಿಯಲ್ಲಿ ಫಂಗಸ್ ಬೆಳೆಯುತ್ತದೆ, ಒದ್ದೆ ಚರ್ಮ ಶೂ ಉಜ್ಜಿದೊಡನೆ ಬೊಕ್ಕೆ ಏಳುತ್ತದೆ. ಓಟದ ಬೆಳಗ್ಗೆ ಪ್ರತಿ ಬೆರಳ ಸಂದನ್ನೂ ಒಣ ಬಟ್ಟೆಯಿಂದ ಒರೆಸಿ, ವ್ಯಾಸಲಿನ್ ತೆಳ್ಳಗೆ ಹಚ್ಚಿ, ಒಣಗಿದ ಕಾಲುಚೀಲ ಹಾಕಿ. ಉಗುರನ್ನು ಒಂದು ವಾರ ಮೊದಲೇ ನೇರವಾಗಿ ಕತ್ತರಿಸಿ. ಶೂ ಹೊಸದಾಗಿರಬಾರದು, ದುಬೈ ಮಾಲ್‌ನಲ್ಲಿ ಎಷ್ಟು ರಿಯಾಯಿತಿ ಇದ್ದರೂ. ಸಕ್ಕರೆ ಕಾಯಿಲೆಯವರು ಓಟ ಮುಗಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಬೇಕು. ಗಾಯವಾದರೂ ಅವರಿಗೆ ನೋವು ಗೊತ್ತಾಗದಿರಬಹುದು.

ಹಿಜಾಬ್ ಧರಿಸಿ ಓಡುವ ಸಹೋದರಿಯರೇ, ಹತ್ತಿಯ ಶಾಲು ಬೆವರಿಗೆ ಒದ್ದೆಯಾಗಿ ಭಾರವಾಗುತ್ತದೆ, ಕುತ್ತಿಗೆ ಉಜ್ಜುತ್ತದೆ, ಪಿನ್ನು ಚುಚ್ಚುತ್ತದೆ. ಬೇಗ ಒಣಗುವ ತೆಳು ಬಟ್ಟೆಯ, ಹೊಲಿದೇ ಬರುವ ಓಟದ ಹಿಜಾಬ್‌ಗಳು ಈಗ ಎಲ್ಲೆಡೆ ಸಿಗುತ್ತವೆ. ಬಿಸಿಲಿನ ಊರಿಗೆ ತಿಳಿ ಬಣ್ಣ ಒಳ್ಳೆಯದು. ಹೊರಡುವ ಮೊದಲು ಅದೇ ಉಡುಪಿನಲ್ಲಿ ಊರಲ್ಲಿ ಎರಡು ಮೂರು ದೀರ್ಘ ಓಟ ಮಾಡಿ ನೋಡಿ. ಎಲ್ಲಿ ಉಜ್ಜುತ್ತದೆಂದು ಗೊತ್ತಾಗುವುದು ಒಂದು ಗಂಟೆಯ ನಂತರವೇ.

ಇಷ್ಟಕ್ಕೂ ಮೊದಲ ಓಟವೇ ವಿದೇಶದ್ದಾಗಬಾರದು. ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತಿದೆ. ಜನಜಂಗುಳಿಯಲ್ಲಿ ಓಡುವುದು, ಲೋಟದಿಂದ ನೀರು ಕುಡಿಯುವುದು, ಮೊದಲ ಕಿಲೋಮೀಟರಿನ ಉಮೇದಿಗೆ ಲಗಾಮು ಹಾಕುವುದು ಎಲ್ಲವನ್ನೂ ರಾತ್ರಿ ಬಸ್ಸಿನ ಖರ್ಚಿನಲ್ಲಿ ಕಲಿಯಬಹುದು. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು ಮೂರು ತಿಂಗಳು ಮೊದಲೇ ಡಾಕ್ಟರನ್ನು ಕಾಣಿ. ಇಟಲಿಯಂಥ ದೇಶದಲ್ಲಿ ಮ್ಯಾರಥಾನ್ ಓಡಲು ವಿದೇಶದಿಂದ ಬಂದವರೂ ವೈದ್ಯರ ಪ್ರಮಾಣಪತ್ರ ಕೊಡಬೇಕಿದ್ದ ಕಾಲವಿತ್ತು. ಕೇಳದ ದೇಶಕ್ಕೆ ಹೋಗುವಾಗಲೂ ನಾವಾಗಿಯೇ ಆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಪ್ರವಾಸ ವಿಮೆ ತೆಗೆಯುವಾಗ ಓಟದ ಸ್ಪರ್ಧೆಯಲ್ಲಿ ಆದ ಗಾಯಕ್ಕೆ ಹಣ ಕೊಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಎದೆಗೆ ಸಿಕ್ಕಿಸುವ ನಂಬರಿನ ಹಿಂಬದಿಯಲ್ಲಿ ಹೆಸರು, ರಕ್ತದ ಗುಂಪು, ಕಾಯಿಲೆ, ಔಷಧಿ, ಜೊತೆಗೆ ಬಂದವರ ಫೋನ್ ನಂಬರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಭಾಷೆ ಬಾರದ ಊರಲ್ಲಿ ಎಚ್ಚರ ತಪ್ಪಿದವರ ಪರವಾಗಿ ಮಾತಾಡುವುದು ಆ ಕಾಗದ ಮಾತ್ರ.

ಕೆಲವೊಮ್ಮೆ ಓಟವೇ ರದ್ದಾಗುತ್ತದೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಡಿದಾಗ ನ್ಯೂಯಾರ್ಕ್ ಮ್ಯಾರಥಾನನ್ನು ಎರಡೇ ದಿನ ಮೊದಲು ರದ್ದು ಮಾಡಿದರು. ದೂರದ ದೇಶಗಳಿಂದ ಬಂದವರು ಆಗಲೇ ನಗರ ತಲುಪಿದ್ದರು. ಅವರ ಸಿಟ್ಟು ಸಹಜವೇ. ಆದರೆ ಆ ಭಾನುವಾರ ನೂರಾರು ಓಟಗಾರರು ನೆರೆಹಾವಳಿಗೆ ಸಿಕ್ಕಿದ್ದ ಸ್ಟೇಟನ್ ಐಲ್ಯಾಂಡಿಗೆ ಹೋಗಿ ಮನೆಗಳ ಕೆಸರು ಎತ್ತಿದರು, ಸಾಮಾನು ಹಂಚಿದರು.

ಓಟ ಮುಗಿದ ರಾತ್ರಿಯೇ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಬೇಡಿ. ಬಳಲಿದ ಕಾಲುಗಳನ್ನು ಐದಾರು ಗಂಟೆ ಮಡಚಿ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಒಂದೆರಡು ದಿನ ಬಿಡುವು ಇಟ್ಟುಕೊಂಡು, ವಿಮಾನದಲ್ಲೂ ಗಂಟೆಗೊಮ್ಮೆ ಎದ್ದು ಓಡಾಡಿ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅದು ಓಟದ ಆಯಾಸವೆಂದು ಸುಮ್ಮನಿರಬೇಡಿ. ಮೂತ್ರದ ಬಣ್ಣವನ್ನೂ ಗಮನಿಸಿ. ತಿಳಿ ಹಳದಿಯಿದ್ದರೆ ಚಿಂತೆಯಿಲ್ಲ, ಗಾಢವಾಗಿದ್ದರೆ ನೀರು ಸಾಲದು. ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿದ್ದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದು ಅರ್ಥ. ಆಗ ಆಸ್ಪತ್ರೆಗೆ ಹೋಗಿ, ವಿಮಾನ ಹೋದರೆ ಹೋಗಲಿ, ಇನ್ನೊಂದು ಟಿಕೆಟ್ ಸಿಗುತ್ತದೆ.